ಚಿಗವ್ವ ಢಾಲು ಕೊಂಡದ್ದು

ನಮ್ಮ ಚಿಗವ್ವ ಯುದ್ಧಕ್ಕೆ ಹೊರಡುವುದು ಮಧ್ಯಾಹ್ನದ ಊಟವಾಗಿ, ಮುಸುರೆ ತೊಳೆದು, ಅಡಿಗೆಮನೆಯ ಕದ ಮುಂದೂಡಿದ ಮೇಲೆ. ಮುಂಜಾನೆಯೇ ಹೊರಟಿದ್ದರೆ ಇಷ್ಟೊತ್ತಿಗೆ ಆ ರಾಜ್ಯವೆಲ್ಲ ಅವಳದೇ ಆಗಿರುತ್ತಿತ್ತು ಎಂದು ನಮ್ಮ ಕಾಕಾ, ಅಂದರೆ ಅವಳ ಗಂಡ, ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೂ ಇರುತ್ತದೆ, ಇವತ್ತೂ ಸಂಜೆಯ ಚಹಾ ತಡವಾಯಿತಲ್ಲ ಎಂಬ ಸಂಕಟವೂ ಇರುತ್ತದೆ.

ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ! ಚಿಗವ್ವ ನನ್ನ ತಾಯಿಯ ತಂಗಿ. ನವಲಗುಂದದಿಂದ ಹೊರಟು ಹಳ್ಳ ದಾಟಿದರೆ ಸಿಗುವ ಊರು ಅವಳದು. ಅರವತ್ತರ ಹತ್ತಿರ ಬಂದ ಹೆಂಗಸು. ಕೊಟ್ಟಿಗೆಯಲ್ಲಿ ಎಮ್ಮೆ, ಹೊಲದಲ್ಲಿ ಕಡಲೆ, ಕೈಯಲ್ಲಿ ಮೊಬೈಲು. ಆ ಮೊಬೈಲಿನೊಳಗೆ ಒಂದು ಆಟ. ಎಲ್ಲೆಲ್ಲಿಯದೋ ಗುರುತಿಲ್ಲದ ಜನ ಒಂದೇ ಸಲಕ್ಕೆ ಅದರೊಳಗೆ ಸೇರಿ, ಕತ್ತಿ ಗುರಾಣಿ ಹಿಡಿದು ರಾಕ್ಷಸರ ಮೇಲೆ ಬೀಳುತ್ತಾರೆ. ಆ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ, ಬಾಗಿಲಿನಷ್ಟು ದೊಡ್ಡ ಗುರಾಣಿ, ನಮ್ಮ ಕಡೆಯ ಮಾತಿನಲ್ಲಿ ಢಾಲು, ಹೊತ್ತು ತೂರಾಡುತ್ತಾ ಒಬ್ಬಳು ಬರುತ್ತಿರುತ್ತಾಳಲ್ಲ, ಅವಳೇ ನಮ್ಮ ಚಿಗವ್ವ.

ಚಿಗವ್ವ ಸಾಮಾನು ಕೊಳ್ಳುವ ರೀತಿ ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಒಮ್ಮೆ ಅಣ್ಣಿಗೇರಿಯಲ್ಲಿ ಚಪ್ಪಲಿ ಕೊಳ್ಳಲು ಹೋದೆವು. ಒಂದು ಅಂಗಡಿಯದು ಮೆತ್ತಗಿತ್ತು, ಎದುರಂಗಡಿಯದು ಗಟ್ಟಿಯಿತ್ತು. ಚಿಗವ್ವ ಬಲಗಾಲಿಗೆ ಇವರದು, ಎಡಗಾಲಿಗೆ ಅವರದು ಹಾಕಿಕೊಂಡು, "ನಡದ ನೋಡಬೇಕಲ್ರೀ?" ಎಂದು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದಳು. ಹಿಂದೆ ಇಬ್ಬರು ಅಂಗಡಿಯವರು, ಅವರ ಹಿಂದೆ ಅವಳ ಹಳೆಯ ಚಪ್ಪಲಿ ಹಿಡಿದ ನಾನು! ಕೊನೆಗೆ ಎರಡೂ ಬೇಡವೆಂದು ಹಳೆಯದನ್ನೇ ಮೆಟ್ಟಿಕೊಂಡು ಬಸ್ಸು ಹತ್ತಿದಳು. "ಇದರಷ್ಟ ಛಲೋ ಅವು ಇಲ್ಲ ಬಿಡು," ಎಂದಳು, ಕಿತ್ತುಹೋದ ಉಂಗುಷ್ಠಕ್ಕೆ ಪಿನ್ನು ಚುಚ್ಚುತ್ತಾ.

ಇಂಥವಳು ಆಟಕ್ಕೆ ಬಿದ್ದದ್ದಾದರೂ ಹೇಗೆ? ಸೊಸೆಯಿಂದ.

ಸೊಸೆ ಅಳ್ನಾವರದವಳು. ಕಾಡಿನ ಅಂಚಿನಲ್ಲಿ, ರೈಲಿನ ಸದ್ದು ಕೇಳುತ್ತಾ ಬೆಳೆದ ಹುಡುಗಿ. ನಮ್ಮ ಕಡೆಗೆ ಬಂದು ನೋಡಿದರೆ ಕಣ್ಣು ಹರಿಯುವವರೆಗೆ ಎರಿಯ ಕರಿಮಣ್ಣು, ನೆರಳಿಗೆ ಹುಡುಕಿದರೂ ಒಂದು ಮರವಿಲ್ಲ. ಆ ದಿಗಿಲಿಗೋ ಏನೋ, ಮದುವೆಯಾಗಿ ಬಂದ ಮೇಲೆ ಅವಳ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು: "ಹೂಂನ್ರಿ" ಮತ್ತು "ಇಲ್ರಿ". ಸಾರಿಗೆ ಉಪ್ಪಾಗಿದೆಯೇ ಎಂದರೆ ಹೂಂನ್ರಿ. ಹೆಚ್ಚಾಗಿದೆಯೇ ಎಂದರೂ ಹೂಂನ್ರಿ! ಚಿಗವ್ವನಿಗೆ ಇದೊಂದು ದೊಡ್ಡ ಚಿಂತೆಯಾಗಿತ್ತು. "ಜಗಳನರ ಆಡಿದ್ರ ಮನಿ ಅನಸ್ತಿತ್ತು ನೋಡು," ಎಂದು ನನ್ನೆದುರು ಪೇಚಾಡಿದ್ದಳು.

ಒಂದು ಮಧ್ಯಾಹ್ನ ಸೊಸೆಯ ಕೋಣೆಯಿಂದ ಚೀರಾಟ ಕೇಳಿಸಿತು. "ಹೊಡಿ! ಬಿಡಬ್ಯಾಡ ಅವನ್ನ! ತೆಲಿಗೇ ಹೊಡಿ!"

ಮಗ ಮನೆಯಲ್ಲೇ ಇದ್ದ ದಿನ. ಚಿಗವ್ವ ಲಟ್ಟಣಿಗೆ ಹಿಡಿದುಕೊಂಡೇ ಓಡಿದಳು. ಯಾರ ಪರವಾಗಿ ಓಡಿದೆ ಎಂದು ಕೇಳಿದರೆ ಇಂದಿಗೂ ಹೇಳುವುದಿಲ್ಲ! ಒಳಗೆ ನೋಡಿದರೆ ಮಗ ಇಲ್ಲವೇ ಇಲ್ಲ, ಅವನು ಹಿತ್ತಲಿನಲ್ಲಿ ಎಮ್ಮೆ ತೊಳೆಯುತ್ತಿದ್ದ. ಸೊಸೆ ಕಿವಿಗೆ ವೈರು ಸಿಕ್ಕಿಸಿಕೊಂಡು, ಮೊಬೈಲು ಹಿಡಿದು, ಮಂಚದ ಮೇಲೆ ಮೊಣಕಾಲೂರಿ ಕುಳಿತಿದ್ದಾಳೆ. ಬಾಗಿಲಲ್ಲಿ ಲಟ್ಟಣಿಗೆ ಹಿಡಿದ ಅತ್ತೆಯನ್ನು ಕಂಡು ಅವಳ ಮುಖ ಬಿಳಿಚಿಹೋಯಿತು.

ಚಿಗವ್ವ ಪಕ್ಕದಲ್ಲಿ ಕುಳಿತು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದಳು.

"ಇಕಿ ಯಾರು?"

"ನಾನರೀ ಅತ್ತೀ. ಆಟದಾಗ ಅದು ನಾನು."

"ಮತ್ತ ಇದೇನ ಅಂಗಿ? ಹೊಟ್ಟಿ ಎಲ್ಲಾ ಬಯಲಾ ಐತಲ್ಲ?"

"ಅದು ಕವಚ ರೀ. ಕತ್ತಿ ಏಟು ಬಿದ್ರ ತಡೀತೈತಿ."

"ಏಟು ಎಲ್ಲಿಗೆ ಬರತೈತಿ? ಹೊಟ್ಟಿಗೇ ಬರತೈತಿ! ಭುಜದ ಮ್ಯಾಲೆ ಇಷ್ಟಿಷ್ಟ ಕಬ್ಬಿಣ ಹೇರಿ, ಹೊಟ್ಟೀನ ಬಿಟ್ಟಾನಲ್ಲ, ಯಾಂವ ಹೊಲದಾಂವಾ ಇದನ್ನ? ತೋರಸು ಅವನ ಅಂಗಡಿ!"

ಸೊಸೆ ನಕ್ಕಳಂತೆ. ಆ ಮನೆಗೆ ಬಂದ ಮೇಲೆ ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ಮರುದಿನವೇ ಚಿಗವ್ವನ ಮೊಬೈಲಿಗೂ ಆಟ ಇಳಿಯಿತು.

ಹೊಸದಾಗಿ ಸೇರಿದವರಿಗೆ ಆ ಆಟ ಒಂದು ಹರಕು ಅಂಗಿ, ಒಂದು ಮುರುಕು ಕತ್ತಿ ಕೊಟ್ಟು ಊರ ಬಾಗಿಲಲ್ಲಿ ನಿಲ್ಲಿಸುತ್ತದೆ. ಉಳಿದದ್ದನ್ನು ನೀವೇ ಗಳಿಸಿ ಕೊಳ್ಳಬೇಕು. ಕವಚ ಮಾರಲು ಗಡ್ಡದ ಕಮ್ಮಾರನೊಬ್ಬ ಇದ್ದಾನೆ. ಅವನು ಮನುಷ್ಯನಲ್ಲ, ಯಂತ್ರದ ಗೊಂಬೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಇದನ್ನು ಚಿಗವ್ವನಿಗೆ ಹೇಳುವವರಾರು? ಅವನು ಹೇಳಿದ ಬೆಲೆ ಕೇಳಿ, "ಭಾಳ ಆತು," ಎಂದು ಆಟದೊಳಗಿನ ತನ್ನ ಗೊಂಬೆಯನ್ನು ತಿರುಗಿಸಿಕೊಂಡು ಮೆಲ್ಲಗೆ ಹೊರಟಳು. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು. ಮತ್ತೆ ನಡೆಯುವುದು, ನಿಲ್ಲುವುದು.

"ಯಾಕ ನಿಲ್ತೀರಿ ಅತ್ತೀ?"

"ಸುಮ್ಮಿರು. ಈಗ ಕರೀತಾನ."

ಕರೆಯಲಿಲ್ಲ. ನನಗೆ ಗೊತ್ತಿದ್ದಂತೆ ಚಿಗವ್ವನನ್ನು ವಾಪಸು ಕರೆಯದ ವ್ಯಾಪಾರಿ ಪ್ರಪಂಚದಲ್ಲಿ ಇವನೊಬ್ಬನೇ. ಅವಳಿಗೆ ಅವನ ಮೇಲೆ ವಿಪರೀತ ಗೌರವ ಹುಟ್ಟಿಬಿಟ್ಟಿತು!

ಆಮೇಲೆ ಶುರುವಾಯಿತು ಆಯ್ಕೆ. ಸೊಸೆ ಮಾಸ್ತರರಂತೆ ವಿವರಿಸಿದಳು: ಚರ್ಮದ ಕವಚ ಹಗುರ, ಓಡಬಹುದು, ಆದರೆ ಏಟು ನಾಟುತ್ತದೆ, ಕಬ್ಬಿಣದ್ದು ಭಾರ, ಏಟು ನಾಟುವುದಿಲ್ಲ, ಆದರೆ ಓಡಲಾಗುವುದಿಲ್ಲ, ಸಣ್ಣ ಗುರಾಣಿ ಚುರುಕು, ದೊಡ್ಡದು ಭದ್ರ, ಹೊಸಬರು ಮಧ್ಯಮದ್ದನ್ನು ಕೊಳ್ಳುವುದು ಒಳ್ಳೆಯದು. ಚಿಗವ್ವ ಎಲ್ಲವನ್ನೂ ಕೇಳಿಸಿಕೊಂಡು ಕಬ್ಬಿಣದ ಬೂಟುಗಳನ್ನು ಮೊದಲು ಬೇಡವೆಂದಳು. "ನಮ್ಮ ಎರಿಯೊಳಗ ಇದನ್ನ ಹಾಕ್ಕೊಂಡ ಮಳಿಗಾಲದಾಗ ನಡದ ನೋಡ ಅನ್ನು ಅವಗ. ಬೂಟು ಅಲ್ಲೇ ಉಳಿತಾವ, ಕಾಲಷ್ಟ ಬರತಾವ." ಆ ರಾಜ್ಯದಲ್ಲಿ ಎರಿಮಣ್ಣಿಲ್ಲ, ಬರೀ ಹಿಮ ಎಂದು ಸೊಸೆ ಹೇಳಿದ್ದಕ್ಕೆ, "ಹಂಗಾರ ಕಾಲಿಗೆ ಕಬ್ಬಿಣ ಇನ್ನೂ ಬ್ಯಾಡ, ತಂಡಿ ಏರತೈತಿ," ಎಂದಳು. ಇದಕ್ಕೆ ಉತ್ತರವಿದ್ದರೆ ನೀವು ಹೇಳಿ!

ಕೊನೆಗೆ ಕೊಂಡದ್ದು ಇಡೀ ಅಂಗಡಿಯಲ್ಲೇ ದೊಡ್ಡದಾದ ಗುರಾಣಿ. ಅದರ ಭಾರಕ್ಕೆ ಕತ್ತಿ ಹಿಡಿಯುವ ತ್ರಾಣವೇ ಅವಳ ಗೊಂಬೆಗೆ ಉಳಿಯಲಿಲ್ಲ. "ಕತ್ತಿ ಬ್ಯಾಡೇನು?" ಎಂದರೆ, "ಕತ್ತಿ ಎಲ್ಲಾರ ಕಡೆನೂ ಐತಿ," ಎಂದಳು. ಮೊದಲ ಯುದ್ಧಕ್ಕೆ ಗುಂಪಿನವರೆಲ್ಲ ಓಡಿದರು. ಚಿಗವ್ವ ಗುರಾಣಿ ಹೊತ್ತು ಆಮೆಯಂತೆ ಹೊರಟು ರಣರಂಗ ತಲುಪುವಷ್ಟರಲ್ಲಿ ರಾಕ್ಷಸರು ಸತ್ತು, ಗೆದ್ದವರು ಚಿನ್ನ ಆರಿಸಿಕೊಂಡು, ಮನೆಗೂ ಹೋಗಿದ್ದರು. ಮೈದಾನದಲ್ಲಿ ಒಬ್ಬಳೇ ನಿಂತು, "ಎಲ್ಲಾ ಮುಗೀತೇನ?" ಎಂದು ಕೇಳಿದಳು ಪಾಪ.

ಆದರೆ ಕಲಿತಳು. ಸೊಸೆಯೇ ಕಲಿಸಿದಳು. ಮನೆಯಲ್ಲಿ ಬಾಯಿ ಬಿಡದ ಹುಡುಗಿ ಯುದ್ಧಭೂಮಿಯಲ್ಲಿ ಸೇನಾಪತಿ! "ಅತ್ತೀ, ಹಿಂದ ಸರೀರಿ! ಢಾಲು ಎತ್ರಿ! ಎತ್ರಿ ಅಂದ್ರ ಎತ್ರಿ, ಏನ ನೋಡಾಕತ್ತೀರಿ? ಸಾಯ್ತೀರಿ ಈಗ!" ಇದು ಕಿಟಕಿಯಿಂದ ಓಣಿಗೆಲ್ಲ ಕೇಳಿಸಿತು. ಹೊಸ ಸೊಸೆ ಅತ್ತೆಗೆ ಸಾಯಿರಿ ಅನ್ನುತ್ತಿದ್ದಾಳೆಂದು ಸುದ್ದಿ ಹಬ್ಬಿ, ಓಣಿಯ ಹಿರಿಯರು ಮೂರ್ನಾಲ್ಕು ಜನ ಬುದ್ಧಿ ಹೇಳಲು ಬಂದು ಕುಳಿತರು. ಕಾಕಾ ಕಕ್ಕಾಬಿಕ್ಕಿ. ಚಿಗವ್ವ ಒಳಗಿನಿಂದ ಬಂದವಳೇ, "ಆಕೀದೇನು ತಪ್ಪಿಲ್ರಿ. ಆಕಿ ಬರೋಬರಿ ಹೇಳಿದ್ಲು, ನಾನ ಎಡಕ್ಕ ಸರದು ಸತ್ತೆ," ಎಂದಳು. ಹಿರಿಯರು ಚಹಾ ಕುಡಿದು ಎದ್ದು ಹೋದರು. ಏನು ತಿಳಿದುಕೊಂಡು ಹೋದರೋ ಆ ದೇವರಿಗೇ ಗೊತ್ತು.

ಸೊಸೆಗೆ ಏಳು ತಿಂಗಳು ತುಂಬಿದಾಗ, ಬಸುರಿಗೆ ಕುಪ್ಪಸ ಕೊಡುವ ಕುಬಸದ ಕಾರ್ಯ ಮಾಡಿದರು. ಆರತಿ ಎತ್ತಿ, ಹಸಿರು ರೇಷ್ಮೆಯ ಕುಬಸ ಉಡಿಯಲ್ಲಿಟ್ಟ ಮೇಲೆ ಚಿಗವ್ವ ಸೊಸೆಯ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಹೆಂಗಸರ ಗುಂಪು ದಾಟಿ ಕೋಣೆಗೆ ಹೋದರು. ಚಿಗವ್ವ ಆಟದಲ್ಲಿ ತಾನು ಗಳಿಸಿದ್ದನ್ನೆಲ್ಲ ಕಮ್ಮಾರನಿಗೆ ಸುರಿದು ಅವಳಿಗಾಗಿ ಇನ್ನೊಂದು ಕುಬಸ ಕೊಂಡಿಟ್ಟಿದ್ದಳು: ಕೊರಳಿಂದ ಸೊಂಟದವರೆಗೆ, ಹೊಟ್ಟೆ ಪೂರ್ತಿ ಮುಚ್ಚುವ ಕಬ್ಬಿಣದ್ದು! ಅದನ್ನು ತೊಟ್ಟು ಹುಡುಗಿ ಬಾಣಂತನಕ್ಕೆ ಅಳ್ನಾವರಕ್ಕೆ ಹೋದಳು. ರೇಷ್ಮೆಯದು ಪೆಟ್ಟಿಗೆಯಲ್ಲಿತ್ತು. ಅಲ್ಲಿಂದಲೂ ದಿನಾ ಮಧ್ಯಾಹ್ನ ಇಬ್ಬರೂ ಆಟದಲ್ಲಿ ಭೇಟಿಯಾಗಿ, ಅದರೊಳಗೇ ಫೋನಿನಂತೆ ಮಾತಾಡುತ್ತಿದ್ದರು. ಯುದ್ಧ ಕಡಿಮೆಯಾಗಿ, ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದು ಹೆಚ್ಚಾಗಿತ್ತು.

ಮಳೆ ಹಿಡಿದ ಒಂದು ದಿನ ನಾನು ಚಿಗವ್ವನ ಮನೆಯಲ್ಲಿದ್ದೆ. ಮಗ ಹಿಂದಿನ ದಿನವೇ ಹೆಂಡತಿಯ ಊರಿಗೆ ಹೋಗಿದ್ದ. ಊಟ ಮುಗಿಸಿ ಚಿಗವ್ವ ಆಟ ತೆರೆದಳು. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಇಬ್ಬರ ಗೊಂಬೆಗಳೂ ಕಾಡುದಾರಿಯಲ್ಲಿ ನಡೆಯುತ್ತಿದ್ದವು. ಸೊಸೆ ಯಾವುದೋ ಉಪ್ಪಿನಕಾಯಿಯ ವಿಷಯ ಹೇಳುತ್ತಿದ್ದವಳು ನಡುವೆಯೇ ನಿಂತಳು.

"ಅತ್ತೀ..."

"ಏನವಾ?"

"ಬ್ಯಾನಿ ಬರಾಕತ್ತೈತಿ ಅನಸ್ತೈತ್ರಿ."

ಆಮೇಲೆ ಅವಳ ತಾಯಿಯ ದನಿ, ಓಡಾಟ, ಗಾಡಿಯ ಸದ್ದು. ಆಮೇಲೆ ಏನೂ ಇಲ್ಲ. ಅವಳ ಫೋನು ಚಾರ್ಜಿಗೆ ಹಾಕಿದ್ದದ್ದು ಹಾಗೇ ಹಾಸಿಗೆಯ ಮೇಲೆ ಉಳಿದಿರಬೇಕು. ಪರದೆಯ ಮೇಲೆ ಅವಳ ಗೊಂಬೆ ಕೈ ಇಳಿಬಿಟ್ಟುಕೊಂಡು ಕಾಡಿನ ನಡುವೆ ನಿಂತಿತ್ತು.

ಕಾಕಾನ ಫೋನಿಗೆ ಮಗನ ಕರೆ ಬಂತು. ಆಸ್ಪತ್ರೆಗೆ ಹೊರಟಿದ್ದರು. ಚಿಗವ್ವ ಸೀರೆ ಬದಲಿಸಿ ಚೀಲ ತುಂಬಿಕೊಂಡಳು. ಹಳ್ಳ ನೋಡಲು ಹೋದ ಕಾಕಾ ತೊಯ್ದು ವಾಪಸು ಬಂದರು. "ನೀರು ರಸ್ತೆ ಮ್ಯಾಲೆ ಬಂದೈತಿ. ಬಸ್ಸು ಆಚಿ ಕಡೆ ನಿಂತಾವ."

"ಟ್ರ್ಯಾಕ್ಟರ್ ತರಸ್ರಿ."

"ಟ್ರ್ಯಾಕ್ಟರ್ ಸೈತ ಹೋಗೂದಿಲ್ಲ. ಇಳೀಲಿ ತಡಿ."

ಚಿಗವ್ವ ಚೀಲವನ್ನು ಬಾಗಿಲ ಬಳಿ ಇಟ್ಟಳು. ಏನೂ ಮಾಡಲು ಇರಲಿಲ್ಲ. ಮಂಚದ ಮೇಲಿದ್ದ ಮೊಬೈಲನ್ನು ಎತ್ತಿ ನೋಡಿದಳು. ಮರಗಳ ಹಿಂದಿನಿಂದ ತೋಳದಂಥವು ಎರಡು ಬರುತ್ತಿದ್ದವು. ನೆಟ್‌ವರ್ಕು ಚೆನ್ನಾಗಿ ಸಿಗುವ ಕಿಟಕಿಯ ಹತ್ತಿರ ಹೋಗಿ, ಸೊಸೆಯ ಗೊಂಬೆಯ ಮುಂದೆ ತನ್ನದನ್ನು ತಂದು ನಿಲ್ಲಿಸಿ, ಗುರಾಣಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

ತೋಳಗಳು ಬಡಿದು ಬಡಿದು ಹೋದವು. ಬೇರೆ ಬಂದವು. ಕತ್ತಿಯಿಲ್ಲದವಳು ಅವನ್ನು ಕೊಲ್ಲುವಂತಿಲ್ಲ, ತಡೆಯುವುದಷ್ಟೇ. ಬಹಳ ಹೊತ್ತು ನೋಡಿ ನಾನೇ ಹೇಳಿದೆ: "ಚಿಗವ್ವಾ, ಆಟ ಅದು. ಬಿದ್ರ ಬೀಳ್ಲಿ ಬಿಡು. ನಾಳೆ ಮತ್ತ ಎಬ್ಬಸಬಹುದು."

"ಇವತ್ತ ಬ್ಯಾಡ," ಎಂದಳು. ತಲೆ ಎತ್ತಲಿಲ್ಲ.

ಆ ದಾರಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಆಟಗಾರನೊಬ್ಬ ನಿಂತು, ತನಗೆ ಬರುವ ಭಾಷೆಯಲ್ಲಿ ಏನೋ ಕೇಳಿದ. ಚಿಗವ್ವ ತನಗೆ ಬರುವ ಭಾಷೆಯಲ್ಲಿ ಹೇಳಿದಳು: "ನಮ್ಮ ಹುಡುಗಿ ರೀ. ಹಡ್ಯಾಕ ಹೋಗ್ಯಾಳ." ಅವನಿಗೆ ಏನು ತಿಳಿಯಿತೋ, ಹಿಂದಿನಿಂದ ಬಂದ ತೋಳಗಳನ್ನು ಹೊಡೆದುಹಾಕಿ, ಸ್ವಲ್ಪ ಹೊತ್ತು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಆಮೇಲೆ ತನ್ನ ದಾರಿ ಹಿಡಿದ.

ದೀಪ ಹಚ್ಚುವ ಹೊತ್ತಿಗೆ ಕಾಕಾನ ಫೋನು ಮತ್ತೆ ಬಡಿದುಕೊಂಡಿತು. ಕಾಕಾ ಕೇಳಿಸಿಕೊಂಡು, ಸ್ಪೀಕರ್ ಹಾಕಿ ಕಿಟಕಿಯ ಕಡೆಗೆ ಹಿಡಿದರು.

"ಯವ್ವಾ, ಹೆಣ್ಣು. ಇಬ್ಬರೂ ಅರಾಮ ಅದಾರ," ಎಂದ ಮಗ. "ತಡಿ, ಇಕಿ ಮಾತಾಡ್ತೀನಿ ಅಂತಾಳ."

ಸೊಸೆಯ ದನಿ ದಾರದಷ್ಟು ತೆಳ್ಳಗಿತ್ತು. "ಅತ್ತೀ... ಫೋನ್ ಹಂಗ ಬಿಟ್ಟ ಬಂದೆ ರೀ. ಕಾಡಿನ್ಯಾಗ ಬಿದ್ದೆ ಏನ್ರಿ ನಾನು?"

"ಎಲ್ಲಿ ಬೀಳ್ತಿ? ನಾ ಮುಂದ ನಿಂತೀನಲ್ಲ."

"ಆಗಿಂದ ನಿಂತೀರೀ?"

"ಹೂಂನವಾ."

"ಸಾಕ್ರಿ ಅತ್ತೀ. ಕುಂದರ್ರಿ ಇನ್ನ."

ಆಗ ನಾನೂ ನೋಡಿದೆ. ಅಷ್ಟು ಹೊತ್ತು ಚಿಗವ್ವ ಆ ಕಿಟಕಿಯ ಬಳಿ ನಿಂತೇ ಇದ್ದಳು. ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ಸೆರಗು ಮುಖಕ್ಕೆ ಹೋಯಿತು. ಆಗಲೂ ಒಂದು ಕೈ ಮೊಬೈಲನ್ನು ಬಿಟ್ಟಿರಲಿಲ್ಲ.

ಅದನ್ನು ಮೆಲ್ಲಗೆ ಬಿಡಿಸಿಕೊಂಡೆ. ಗಾಜು ಅವಳ ಹೆಬ್ಬೆರಳಿನಿಂದ ಬೆಚ್ಚಗಾಗಿತ್ತು. ಮರಗಳ ಹಿಂದೆ ಮತ್ತೇನೋ ಅಲುಗಾಡುತ್ತಿತ್ತು. ಅದೇ ಜಾಗದಲ್ಲಿ ನನ್ನ ಹೆಬ್ಬೆರಳನ್ನು ಒತ್ತಿ, ಕಿಟಕಿಯ ಬಳಿ ನಾನು ನಿಂತುಕೊಂಡೆ.