ನೆದರ್ ಸ್ಪಾಡ್ಲಿಯ ಗದ್ದಲ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ನಿಯಮ. ಮೇಲ್ಮನವಿ ವಿಚಾರಿಸುವ ತನಿಖಾಧಿಕಾರಿ ಜಾಗ ನೋಡಲು ಬಂದಾಗ ಬ್ಯಾರಿಸ್ಟರನಾದವನು ಬೆರಳು ಮಾಡಿ ತೋರಿಸಬಹುದು, ವಾದಕ್ಕೆ ಮಾತ್ರ ಬಾಯಿ ತೆರೆಯಬಾರದು. ಬಾಯಿಂದಲೇ ಹೊಟ್ಟೆ ಹೊರೆಯುವ ಲಯನಲ್ ಸ್ಪ್ರ್ಯಾಕ್ಲಿಂಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ನೆದರ್ ಸ್ಪಾಡ್ಲಿಯ ಹಳೇ ಬಂಗಲೆಯನ್ನು ವಿಶ್ರಾಂತಿಧಾಮ ಮಾಡಬೇಕೆಂದು ಅವನ ಕಕ್ಷಿದಾರ ಬೂನ್ ಸಾಹೇಬನ ಆಸೆ. ಕಾರುಗಳು ಬಂದರೆ ಊರಿನ ನೆಮ್ಮದಿ ಕೆಡುತ್ತದೆಂದು ಕೌನ್ಸಿಲ್ಲು ಅನುಮತಿ ಕೊಡಲಿಲ್ಲ. ಮೇಲ್ಮನವಿಯಲ್ಲಿ ಲಯನಲ್ ಎರಡು ದಿನ ಗಂಟಲು ಹರಿದುಕೊಂಡಿದ್ದ. "ನೆಮ್ಮದಿ ಎಲ್ಲಿದೆ ಸ್ವಾಮಿ ಅಲ್ಲಿ? ಕೋಳಿ ಕೂಗತ್ತೆ, ಕತ್ತೆ ಅರಚತ್ತೆ, ಚರ್ಚಿನ ಗಂಟೆ ಬೇರೆ! ಆ ಸಂತೆಯಲ್ಲಿ ನಾಲ್ಕು ಕಾರು ಯಾರ ಕಿವಿಗೆ ಬೀಳತ್ತೆ?"

ಜಾಗ ನೋಡುವ ದಿನ ಬೆಳಿಗ್ಗೆಯೇ ಅವನ ವಕೀಲರ ಕಚೇರಿಯ, ಅಂದರೆ ಚೇಂಬರ್ಸಿನ, ಗುಮಾಸ್ತ ಡಡ್ಲಿ ಫೋನ್ ಮಾಡಿದ್ದ. ಕರೆಯುವುದು 'ಸಾರ್' ಎಂದೇ, ಆದರೆ ಕೇಸು ಹಂಚುವವನು ಅವನೇ, ವಕೀಲರ ಜುಟ್ಟೆಲ್ಲ ಅವನ ಕೈಯಲ್ಲಿ.

"ಸಾಲಾಗಿ ಎರಡು ಸೋತಿದ್ದೀರಿ ಸಾರ್. ಇದೂ ಹೋದ್ರೆ ವಿಮಾನ ನಿಲ್ದಾಣದ ಕೇಸು ನಿಮ್ಮ ಪಕ್ಕದ ಕೋಣೆಯ ಮಿಸ್ ಪೆಟಿಫರ್‌ಗೇ ಕೊಡಬೇಕಾಗತ್ತೆ."

ಆ ಒಂದು ಕೇಸಿಗಾಗಿ ಲಯನಲ್ ಐದು ವರ್ಷ ಬಾಯಿಬಿಟ್ಟುಕೊಂಡು ಕಾದಿದ್ದ.

ತನಿಖಾಧಿಕಾರಿಯ ಜೊತೆ ಊರಿಗೆ ಕಾಲಿಟ್ಟ ಲಯನಲ್ ಸುತ್ತ ನೋಡಿದ. ಪಿಟ್ಟೆನ್ನುವ ಸದ್ದಿಲ್ಲ! ಕತ್ತೆಯ ಬಾಯ್ತುಂಬ ಕ್ಯಾರೆಟ್ಟು. ನಾಯಿಗಳಿಗೆಲ್ಲ ಮೂಳೆ. ಗಂಟೆಯ ನಾಲಿಗೆಗೆ ಯಾರೋ ಉಣ್ಣೆ ಸ್ವೆಟರ್ ತೊಡಿಸಿದ್ದರು. ಕೋಳಿಯ ಸುಳಿವೇ ಇಲ್ಲ. ಜನ ಗೇಟುಗಳಲ್ಲಿ ಮನೆ ಚಪ್ಪಲಿಯಲ್ಲೇ ನಿಂತು ಮುಸಿಮುಸಿ ನಗುತ್ತಿದ್ದರು.

ಊರ ಹಿರಿಯಾಕೆ ಮಿಸೆಸ್ ಥಾರ್ನ್ ತುದಿಗಾಲಲ್ಲಿ ಬಂದು ಪಿಸುಗುಟ್ಟಿದಳು. "ಟೀ ಕುಡೀತೀರಾ ಅಧಿಕಾರಿಗಳೇ?"

"ಒಂದು ಕಡೆಯವರ ಕೈಯಿಂದ ಹನಿ ನೀರೂ ಕುಡಿಯೋ ಹಾಗಿಲ್ಲ ಮೇಡಂ," ಎಂದ ತನಿಖಾಧಿಕಾರಿ ಆರ್ಮಿಟೇಜ್.

"ಲಾಯರಪ್ಪನಿಗಾದ್ರೂ ಕೊಡ್ಲಾ? ಪಾಪ, ಮುಖ ಬಾಡಿ ಬದನೆಕಾಯಿ ಆಗಿದೆ."

ಆರ್ಮಿಟೇಜ್ ಪೆನ್ನಿನ ಕ್ಯಾಪು ತೆಗೆದ. "ಬಹಳ ಪ್ರಶಾಂತ..." ಎಂದು ಗೊಣಗಿದ.

ಲಯನಲ್‌ಗೆ ತಡೆಯಲಾಗಲಿಲ್ಲ. "ದಿನಾ ಹೀಗಿರಲ್ಲ ಸಾರ್, ಇವ್ರೆಲ್ಲ ಸೇರ್ಕೊಂಡು—"

"ಮಿಸ್ಟರ್ ಸ್ಪ್ರ್ಯಾಕ್ಲಿಂಗ್! ಬೆರಳು ಮಾತ್ರ."

ಬೆರಳಂತೆ ಬೆರಳು! ಅವನು ಕತ್ತೆಯ ಕಡೆ ತೋರಿಸಿದ. ಕತ್ತೆ ಕ್ಯಾರೆಟ್ ಅಗಿಯಿತು. ಬೆವರು ಒರೆಸಿಕೊಳ್ಳುತ್ತ ಗಂಟೆಯ ಕಡೆ ತೋರಿಸಲು ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿ ಹೆಬ್ಬಾತೊಂದು ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು. ಅದನ್ನು ಕೂಡಿಹಾಕುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅದು ಲಯನಲ್‌ನ ಪ್ಯಾಂಟಿನ ಹಿಂಭಾಗಕ್ಕೇ ಬಾಯಿ ಹಾಕಿತು.

"ಅಯ್ಯಯ್ಯೋ! ಸತ್ತೆನಪ್ಪೋ!"

ಊರು ಒಂದು ಗಳಿಗೆ ಉಸಿರು ಬಿಗಿಹಿಡಿಯಿತು. ಮಿಸೆಸ್ ಥಾರ್ನಳ ಮೂಗಿನಿಂದ ಫುಸ್ಸೆಂದು ನಗು ಸೋರಿತು. ಅಷ್ಟೇ, ಇಡೀ ಬೀದಿ ಹೊಟ್ಟೆ ಹಿಡಿದುಕೊಂಡಿತು. ನಗುವಿಗೆ ನಾಯಿಗಳು ಬೊಗಳಿದವು, ನಾಯಿಗಳಿಗೆ ಮಕ್ಕಳು ಚೀರಿದವು, ಕತ್ತೆ ಕ್ಯಾರೆಟ್ ಉಗುಳಿ ರಾಗ ಎಳೆಯಿತು. ಮಿಸೆಸ್ ಥಾರ್ನಳ ಮನೆಯ ಬೀರುವಿನೊಳಗಿಂದ ಕೋಳಿ ಕೂಗಿತು. ಗಂಟೆ ಕಾಯುತ್ತಿದ್ದವನು ನಗು ತಾಳದೆ ಹಗ್ಗಕ್ಕೇ ಜೋತುಬಿದ್ದ. ಸ್ವೆಟರ್ ಕಳಚಿ ಬಿತ್ತು, ಢಣ್ ಢಣ್ ಢಣ್!

ಆರ್ಮಿಟೇಜ್ ಒಂದು ಕಿವಿ ಮುಚ್ಚಿಕೊಂಡು ಬರೆದೇ ಬರೆದ. ಪರಿಶೀಲನೆ ಮುಗಿಯಿತೆಂದು ಕೂಗಿ ಹೇಳಿದ.

ಲಯನಲ್ ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಫೋನು ಹಿಡಿದು ಕುಣಿದ. "ಡಡ್ಲಿ, ಗೆದ್ದೆ ಕಣಯ್ಯ! ವಿಮಾನ ನಿಲ್ದಾಣ ನಂದೇ!"

ಅಷ್ಟರಲ್ಲಿ ಬಂಗಲೆಯ ಕಡೆಯಿಂದ ಬೂನ್ ಸಾಹೇಬ ಮುಖ ಬಿಳಿಚಿಕೊಂಡು ಬಂದ. "ಇಲ್ಲಿ ದಿನಾ ಹೀಗೇನಾ?"

"ದಿನಾನೂ ಸಾರ್! ಇವತ್ತು ಕಮ್ಮೀನೇ!"

"ನಿದ್ದೆ ಬಾರದವರಿಗೆ ಧಾಮ ಕಟ್ಟೋಕೆ ಹೊರಟಿದ್ದೀನಲ್ರೀ ನಾನು! ಅಧಿಕಾರಿಗಳೇ, ನಿಲ್ಲಿ! ಮೇಲ್ಮನವಿ ವಾಪಸ್ಸು ತಗೋತಿದ್ದೀನಿ!"

ಲಯನಲ್ ಅವನ ತೋಳು ಹಿಡಿದ. "ಸಾರ್, ಎರಡು ದಿನದಿಂದ ಅದನ್ನೇ ಅಲ್ವಾ ನಾನು ಹೇಳಿದ್ದು? ಎದುರಿಗೇ ಕೂತು ಕೇಳಿದ್ರಲ್ಲ!"

"ಕೇಳ್ದೆ ಕಣ್ರೀ," ಎಂದ ಬೂನ್, ತೋಳು ಕೊಡವಿಕೊಂಡು. "ಲಾಯರು ಹೇಳೋದು ನಿಜಾನೇ ಆಗಿರತ್ತೆ ಅಂತ ಯಾವನಿಗ್ರೀ ಗೊತ್ತು?"

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಡಡ್ಲಿ ಲೈನು ಕಡಿದಿದ್ದ. ಆಗಲೇ ಮಿಸ್ ಪೆಟಿಫರ್‌ಗೆ ಫೋನ್ ಹಚ್ಚಿದ್ದ.