ಹಂದಿಯ ಪಕ್ಕದ ಮುಖ

ಎಲ್ಲಕ್ಕೂ ಕಾರಣ ಕ್ಷೌರಿಕ ಚೆಕ್ಕೋನ ಬಾಯಿ. ಮಠದ ಸನ್ಯಾಸಿಗಳ ನೆತ್ತಿ ಬೋಳಿಸಲು ವಾರಕ್ಕೊಮ್ಮೆ ಒಳಗೆ ಹೋಗಿಬರುತ್ತಿದ್ದ ಅವನು, ಆ ಬೆಳಿಗ್ಗೆ ಚಿತ್ರಕಾರ ನೋಫ್ರಿಯ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚುತ್ತಾ ಹೇಳಿದ:

"ಮೇಷ್ಟ್ರೇ, ನಿಮ್ಮ ಮುಖ ಗೆರಾರ್ದೋ ಮೇಷ್ಟ್ರ ಗೋಡೆ ಮೇಲೆ ಬಂದುಬಿಟ್ಟಿದೆ. ನಿನ್ನೆ ಪರದೆ ಸಂದೀಲಿ ನೋಡ್ದೆ."

"ನನ್ನ ಮುಖವಾ? ಎಲ್ಲಿ?"

"ಹಂದಿ ಪಕ್ಕದಲ್ಲೇ. ಅಲ್ಲಾಡಬೇಡಿ, ಕತ್ತಿ ಕೈಲಿದೆ."

ನೋಫ್ರಿ ಅಲ್ಲಾಡಲಿಲ್ಲ, ಎದ್ದೇಬಿಟ್ಟ. ಅರ್ಧ ಕ್ಷೌರದ ಮುಖ ಹೊತ್ತು ನೇರ ಮಠಕ್ಕೆ ನಡೆದ. ದಾರಿಯಲ್ಲಿ ಬೋಟಿ ಮಾರುವ ಹೆಂಗಸು ಅವನನ್ನು ನೋಡಿ ನಕ್ಕಳು. ನೊರೆಗೆ ನಕ್ಕಳೋ ಹಂದಿಗೆ ನಕ್ಕಳೋ ಅವನಿಗೆ ತಿಳಿಯಲಿಲ್ಲ.

ಮಠದ ಊಟದ ಹಜಾರದಲ್ಲಿ ಎದುರುಬದುರಾಗಿ ಎರಡು ಗೋಡೆ. ಎಡಗೋಡೆಯಲ್ಲಿ ನೋಫ್ರಿ, ಯೇಸುವನ್ನು ಮುತ್ತಿಟ್ಟು ಹಿಡಿದುಕೊಟ್ಟ ಶಿಷ್ಯ ಯೂದನ ಪ್ರಸಂಗ ಬರೆಯುತ್ತಿದ್ದ. ಬಲಗೋಡೆಯಲ್ಲಿ ಗೆರಾರ್ದೋ, ಸಂತ ಅಂತೋನಿಯನ್ನೂ ಅವನ ಹಂದಿಯನ್ನೂ ಬರೆಯುತ್ತಿದ್ದ. ಎರಡಕ್ಕೂ ಪರದೆ. ಅಂದು ಸಂಜೆಯೇ ಹಿರಿಯ ಸ್ವಾಮಿಗಳು ಎರಡನ್ನೂ ನೋಡಿ, ಗೆದ್ದವನಿಗೆ ನಡುವಿನ ದೊಡ್ಡ ಗೋಡೆಯನ್ನು, ಅಂದರೆ ಯೇಸುವಿನ ಕಡೆಯ ಭೋಜನವನ್ನು, ಒಪ್ಪಿಸುವುದೆಂದು ಮಾತಾಗಿತ್ತು. ಅಂಥ ಗೋಡೆ ಚಿತ್ರಕಾರನಿಗೆ ಬದುಕಿನಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು.

ಇಬ್ಬರಿಗೂ ಮಾತು ಬಿಟ್ಟು ಒಂಬತ್ತು ವರ್ಷ. ನೋಫ್ರಿ ಬರೆದ ದೇವದೂತನನ್ನು ನೋಡಿ ಗೆರಾರ್ದೋ ಹತ್ತು ಜನರ ಮುಂದೆ, ಇವನು ಹಾರುತ್ತಿದ್ದಾನೋ ಬೀಳುತ್ತಿದ್ದಾನೋ ಎಂದು ಕೇಳಿದ್ದ.

ಪರದೆಯ ಹಿಂದೆ ಏನಿದೆಯೆಂಬ ಕುತೂಹಲ ನೋಫ್ರಿಯನ್ನು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. ಆದರೆ ಗೆರಾರ್ದೋ ಬೆಳಗಿನಿಂದ ಅಟ್ಟಣೆ ಬಿಟ್ಟು ಇಳಿದಿರಲಿಲ್ಲ. ಇತ್ತ ಗಾರೆಯವ ಮಾಸೋ ಆ ದಿನದ ಪಾಲಿನ ಹಸಿ ಗಾರೆ ಬಳಿದು ಹೋಗಿದ್ದ. ಗಾರೆ ಹಸಿಯಿದ್ದಾಗಲೇ ಬಣ್ಣ ಹಾಕಬೇಕು. ಒಣಗಿತೆಂದರೆ ಬರೆದದ್ದು ಗೋಡೆಯದೇ ಆಗಿಬಿಡುತ್ತದೆ, ಆಮೇಲೆ ಉಳಿ ಹಿಡಿದು ಕೆತ್ತಿಯೇ ತೆಗೆಯಬೇಕು. ಅಂದಿನ ಪಾಲು ಯೂದನ ತಲೆ.

ನೋಫ್ರಿ ಎರಡನೆಯ ಯೋಚನೆ ಮಾಡಲಿಲ್ಲ. ಆರ್ನೋ ನದಿಯ ಸೇತುವೆಯಂತೆ ನಡುವೆ ಎದ್ದು ಬಾಗಿದ ಒಂದು ಮೂಗು ಬರೆದ. ಫ್ಲಾರೆನ್ಸಿನಲ್ಲಿ ಅಂಥ ಮೂಗು ಒಂದೇ ಇತ್ತು, ಗೆರಾರ್ದೋನದು. ಉಳಿದ ಕೆನ್ನೆಯನ್ನು ಮುಗಿಸಲು ಹುಡುಕಿಕೊಂಡು ಬಂದ ಚೆಕ್ಕೋ, ಯೂದನನ್ನು ನೋಡಿ ಕ್ಷೌರ ಮರೆತು ಹಾಗೆಯೇ ಹಿಂದೆ ಸರಿದ. ಅವನು ಹೋದ ವೇಗ ನೋಡಿದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುವುದು ಖಂಡಿತವಿತ್ತು.

ಮಧ್ಯಾಹ್ನ ಗೆರಾರ್ದೋ ಬೋಟಿ ತಿನ್ನಲು ಹೊರಗೆ ಹೋದದ್ದೇ ತಡ, ನೋಫ್ರಿ ಎದುರಿನ ಪರದೆ ಎತ್ತಿದ.

ಹಂದಿ ಇತ್ತು. ಅದರ ಪಕ್ಕದಲ್ಲಿ ಅವನೂ ಇದ್ದ, ತಲೆಯ ಸುತ್ತ ಚಿನ್ನದ ಪ್ರಭಾವಳಿ ಹೊತ್ತು. ಸಂತ ಅಂತೋನಿಯೇ ಅವನು! ಸಾವಿನ ಸುದ್ದಿ ಕೇಳಿದವನಂತೆ ಇಳಿಬಿದ್ದ ತನ್ನ ರೆಪ್ಪೆಗಳು ಅಲ್ಲಿ ಕರುಣೆಯಾಗಿದ್ದವು. ಕೆನ್ನೆಯ ನರುಳ್ಳೆಯನ್ನೂ ಗೆರಾರ್ದೋ ಮರೆತಿರಲಿಲ್ಲ. ಒಂಬತ್ತು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದವನು ಇಷ್ಟು ಸರಿಯಾಗಿ ನೋಡಿದ್ದು ಯಾವಾಗ?

ನೋಫ್ರಿ ಓಡಿಬಂದು ಉಳಿ ಹಿಡಿದು ಯೂದನ ತಲೆ ಕೆತ್ತತೊಡಗಿದ. ಟಕ್ ಟಕ್ ಎಂಬ ಸದ್ದು ಹಜಾರದ ಆ ತುದಿಯಿಂದಲೂ ಕೇಳಿಸಿತು. ಹಳೆಯ ಕಟ್ಟಡ, ಪ್ರತಿಧ್ವನಿ ಜೋರು ಅಂದುಕೊಂಡ.

ಹೊಸ ಗಾರೆ ಬೇಕೆಂದು ಹೇಳಿಕಳಿಸಿದರೆ ಮಾಸೋ ತಡವಾಗಿ ಗೊಣಗುತ್ತಾ ಬಂದ. "ಇವತ್ತು ಎಲ್ಲರಿಗೂ ಏನಾಗಿದೆ ಮೇಷ್ಟ್ರೇ? ಕಲಸಿ ಕಲಸಿ ನನ್ನ ಸುಣ್ಣವೇ ಮುಗೀತು."

ಗಾರೆ ಆರುವ ಮೊದಲು ಒಂದು ಮುಖ ಬೇಕಿತ್ತು. ಮಾಸೋನನ್ನು ಕೇಳಿದ. ಯೂದ ಆಗುವುದಕ್ಕಿಂತ ತನ್ನದೇ ಸುಣ್ಣದ ಗುಂಡಿಗೆ ಬೀಳುತ್ತೇನೆಂದು ಅವನು ಎದ್ದು ನಡೆದ. ಅಡುಗೆಯ ಸನ್ಯಾಸಿ ಕೇಳಿದೊಡನೆ ಶಿಲುಬೆಯ ಗುರುತು ಮಾಡಿಕೊಂಡ. ಕೊನೆಗೆ ಉಳಿದದ್ದು ಪೆಟ್ಟಿಗೆಯಲ್ಲಿದ್ದ ಕನ್ನಡಿ. ನೋಫ್ರಿ ಕಂಡದ್ದನ್ನು ಕಂಡ ಹಾಗೆ ಬರೆದ.

ಸಂಜೆ ಗಂಟೆಗೆ ಹಿರಿಯ ಸ್ವಾಮಿಗಳು ಬಂದರು. ಎರಡು ಪರದೆಗಳೂ ಒಟ್ಟಿಗೆ ಸರಿದವು.

ಎಡಗಡೆ ನೋಫ್ರಿ ಯೂದನಾಗಿ ನಿಂತಿದ್ದ, ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಕುರುಚಲು. ಬಲಗಡೆ ಪ್ರಭಾವಳಿಯ ಕೆಳಗೆ ಸೇತುವೆಯಂಥ ಮೂಗು. ಸಂತನಾಗಿ ಗೆರಾರ್ದೋನೇ ನಿಂತಿದ್ದ. ಹಂದಿ ಮಾತ್ರ ಮಧ್ಯಾಹ್ನ ಇದ್ದ ಹಾಗೆಯೇ ಇತ್ತು.

ಸ್ವಾಮಿಗಳು ಯೂದನನ್ನು ನೋಡಿದರು, ನೋಫ್ರಿಯನ್ನು ನೋಡಿದರು. "ತಪ್ಪೊಪ್ಪಿಗೆ ಕಿವೀಲಿ ಹೇಳಿದ್ರೆ ಸಾಕಿತ್ತು ಮೇಷ್ಟ್ರೇ, ಗೋಡೆ ಮೇಲೆ ಬರೀಬೇಕಾಗಿರ್ಲಿಲ್ಲ" ಎಂದರು. ದೊಡ್ಡ ಗೋಡೆಯನ್ನು ಗೆರಾರ್ದೋಗೆ ಒಪ್ಪಿಸಿ, ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಹೊರಟರು.

ಇಬ್ಬರೇ ಉಳಿದರು. ಒಂಬತ್ತು ವರ್ಷದ ಮೇಲೆ ಗೆರಾರ್ದೋ ಮೊದಲು ಬಾಯಿ ಬಿಟ್ಟ. "ನನ್ನ ಮೂಗು ಎಲ್ಲಿ? ಯೂದನಿಗೆ ಇಟ್ಟಿದ್ದೀಯ ಅಂತ ಬೋಟಿ ಅಂಗಡೀಲಿ ಚೆಕ್ಕೋ ಆಣೆ ಹಾಕಿ ಹೇಳ್ದ."

"ಕೆತ್ತಿಬಿಟ್ಟೆ. ನನ್ನ ಮುಖ?"

"ನಾನೂ ಕೆತ್ತಿಬಿಟ್ಟೆ. ಮತ್ತೆ ಬರೆಯೋಕೆ ಕನ್ನಡಿ ಬಿಟ್ರೆ ಏನೂ ಸಿಗ್ಲಿಲ್ಲ."

ನೋಫ್ರಿ ತನ್ನ ಗೋಡೆ ಮುಟ್ಟಿ ನೋಡಿದ. ಗಾರೆ ಬಿಗಿದುಕೊಂಡಿತ್ತು.

"ದೊಡ್ಡ ಗೋಡೆಗೆ ಹನ್ನೆರಡು ಜನ ಶಿಷ್ಯರ ಮುಖ ಬೇಕು" ಎಂದ ಗೆರಾರ್ದೋ ಮೆಲ್ಲಗೆ. "ಬಂದು ಕೂತ್ಕೋತೀಯಾ?"

ನೋಫ್ರಿಯ ಕಣ್ಣು ತುಂಬಿತು. "ಯಾರಾಗಿ?"

ಗೆರಾರ್ದೋ ಕೆಮ್ಮಿದ. "ಯೂದನ ಮುಖ ಎರಡು ಗೋಡೇಲೂ ಒಂದೇ ಇರ್ಬೇಕು ಅಂತ ಸ್ವಾಮಿಗಳ ಅಪ್ಪಣೆ. ನಾಳೆ ಬೆಳಿಗ್ಗೆ ಬಾ. ಅಲ್ಲೀವರೆಗೂ ಆ ಕೆನ್ನೆ ಮಾತ್ರ ಬೋಳಿಸ್ಕೋಬೇಡ."