ಓವನ್ನಿನಲ್ಲಿ ಬೆಂದ ಮಣ್ಣು

ದಿನಾ ಮೂಟೆಗಟ್ಟಲೆ ಹಿಟ್ಟನ್ನು ಉಬ್ಬಿಸುವ ಕೈಗೆ ಒಂದು ಕುಂಡದ ಮಣ್ಣು ಯಾವ ಮಹಾ! ಹದದಪ್ಪನವರು ಹೀಗೆ ಎದೆ ತಟ್ಟಿಕೊಂಡದ್ದೇ ಮುಂದಿನ ಅನಾಹುತಕ್ಕೆಲ್ಲ ನಾಂದಿಯಾಯಿತು. ಬೀದಿಯ ತಿರುವಿನಲ್ಲಿ ಅವರ ಬೇಕರಿ, ಅದರ ಮೇಲೆಯೇ ಮನೆ. ಹಿಟ್ಟಿರಲಿ, ಚಹಾ ಇರಲಿ, ಒಗೆದು ಮಡಿಸಿಟ್ಟ ಬಟ್ಟೆಯೇ ಇರಲಿ, ಮುಟ್ಟಿ ನೋಡಿ "ಹದ ಬಂದಿಲ್ಲ" ಎಂದು ತಲೆಯಾಡಿಸುವ ಚಟ ಅವರಿಗೆ. ಹಾಗಾಗಿ ಬೀದಿಯವರು ಈ ಹೆಸರಿಟ್ಟರು. ಹೆತ್ತವರು ಇಟ್ಟ ಹೆಸರು ಈಗ ಅವರಿಗೇ ಆಗಾಗ ಮರೆತುಹೋಗುತ್ತದೆ.

ಕುಂಡದಲ್ಲಿದ್ದದ್ದು ಒಂದು ಮನಿಪ್ಲಾಂಟ್. ಮದುವೆಯಾದ ವರ್ಷ ಅತ್ತೆ ಕೊಟ್ಟ ಗೇಣುದ್ದದ ತುಂಡು, ಈಗ ಕಿಟಕಿಯ ಸುತ್ತ ಹಬ್ಬಿಕೊಂಡಿತ್ತು. ಅತ್ತೆ ಫೋನ್ ಮಾಡಿದರೆ ಮೊದಲು ಬಳ್ಳಿಯ ಯೋಗಕ್ಷೇಮ, ಆಮೇಲೆ ಮಗಳದು, ಮಾತು ಮುಗಿಯುವುದರೊಳಗೆ ನೆನಪಾದರೆ ಅಳಿಯನದು. ಅಂಥ ಬಳ್ಳಿಯ ಬುಡದಿಂದ ಸಣ್ಣ ಸಣ್ಣ ಕರಿ ನೊಣಗಳು ಏಳತೊಡಗಿದವು. ಎಲೆಯೂ ಕಳೆಗುಂದಿತು. ಮುಂದಿನ ತಿಂಗಳು ಅತ್ತೆ ಖುದ್ದಾಗಿ ಬರುವವರಿದ್ದರು.

"ಮಣ್ಣು ಹಳೇದಾಗಿ ಗಟ್ಟಿಯಾಗಿದೆ, ನೀರು ಇಳೀತಿಲ್ಲ. ಯಾರನ್ನಾದರೂ ಕೇಳಿ ಬದಲಾಯಿಸೋಣ," ಎಂದರು ಶ್ರೀಮತಿಯವರು.

"ಕೇಳೋದೇನಿದೆ? ಹದ ಅನ್ನೋದು ಕೈಗೆ ಗೊತ್ತಿರಬೇಕು. ನೀನು ಗಲ್ಲಾ ನೋಡ್ಕೋ, ಮಣ್ಣು ನನಗೆ ಬಿಡು."

ಗಿಡ ಮಾರುವವರಿಂದ ತೆಂಗಿನ ನಾರು, ಎಲೆಗೊಬ್ಬರ, ದಪ್ಪ ಮರಳು ಬಂದವು. ಮೂರನ್ನೂ ಹಿಟ್ಟು ನಾದುವ ಮೇಜಿನ ಮೇಲೆ ಸುರಿದು ನೋಡಿದರೆ ಏನದು! ನಾರಿನ ತುಣುಕು, ಎಲೆಯ ತೊಟ್ಟು, ಕಡ್ಡಿ, ಹರಳು! ಹಿಟ್ಟಿನಲ್ಲಿ ಒಂದು ಗಂಟು ಕಂಡರೂ ಊಟ ಸೇರದ ಮನುಷ್ಯ ಇದನ್ನು ಹೇಗೆ ಸಹಿಸಿಯಾರು? ಮೈದಾ ಜರಡಿಯಲ್ಲಿ ಒಮ್ಮೆ, ಇನ್ನೊಮ್ಮೆ, ಸಮಾಧಾನವಾಗದೆ ಮತ್ತೊಮ್ಮೆ ಹಿಡಿದರು. ಜರಡಿಯಲ್ಲಿ ಉಳಿದ ಕಸವೆಲ್ಲ ಹಳೆಯ ಬಕೆಟ್ಟಿಗೆ ಹೋಯಿತು. ಕೆಳಗೆ ಬಿದ್ದದ್ದು ನುಣ್ಣನೆಯ ಪುಡಿ, ಮುಖಕ್ಕೆ ಹಚ್ಚಿಕೊಳ್ಳಬಹುದು ಅನ್ನುವಂತಿತ್ತು.

ಇನ್ನು ಹೊಸ ಮಣ್ಣಿನಲ್ಲೂ ಅಡಗಿರಬಹುದಾದ ನೊಣದ ಮೊಟ್ಟೆಗಳ ಸಂಹಾರ. ಮಣ್ಣನ್ನು ಕಾಯಿಸಿದರೆ ಸಾಯುತ್ತವೆಂದು ಯಾರೋ ಹೇಳಿದ್ದರು. ಮನೆಯ ಕೆಳಗೆ ಅಷ್ಟು ದೊಡ್ಡ ಓವನ್ ಇರುವಾಗ ಚಿಂತೆಯೇಕೆ? ಬೆಳಗಿನ ಬ್ರೆಡ್ ಇಳಿದ ಮೇಲೆ ಪುಡಿಗೆ ನೀರು ಚಿಮುಕಿಸಿ, ಕೇಕಿನ ಟ್ರೇಗೆ ತುಂಬಿ, ಮೇಲ್ಭಾಗ ನೀಟಾಗಿ ಸವರಿ ಒಳಗಿಟ್ಟರು. ಹೊರಬಂದಾಗ ಕಡುಕಂದು ಬಣ್ಣ, ಮೇಲೆ ತೆಳುವಾದ ಬಿರುಕು. ಎಷ್ಟೋ ವರ್ಷದ ಅಭ್ಯಾಸಬಲದಿಂದ ಅದನ್ನು ಉಳಿದ ಕೇಕುಗಳ ಪಕ್ಕದಲ್ಲೇ ಆರಲು ಇಟ್ಟು ಕೈ ತೊಳೆಯಲು ಹೋದರು.

ಅದೇ ಹೊತ್ತಿಗೆ ಮೇಷ್ಟ್ರು ಬಂದರು. ಪಾಠ ಹೇಳುವ ಕೆಲಸದಿಂದ ನಿವೃತ್ತರಾದರೂ ತಪ್ಪು ಹುಡುಕುವ ಕೆಲಸದಿಂದ ಆಗಿರಲಿಲ್ಲ. ಡಾಕ್ಟರು ಸಕ್ಕರೆ ಬಿಡಿಸಿದ ಮೇಲೆ ದಿನಾ ಬಂದು, ಆರುವ ಟ್ರೇಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿ, "ಸಕ್ಕರೆ ಜಾಸ್ತಿ" ಎಂದು ತೀರ್ಪು ಕೊಟ್ಟು ಹೋಗುವುದು ಅವರ ಪದ್ಧತಿ. ಸಕ್ಕರೆಯೇ ಹಾಕದ ಕೇಕಿಗೂ ಹಾಗೆಯೇ ಅಂದಿದ್ದರು. ಹದದಪ್ಪನವರು ಕೈ ಒರೆಸಿಕೊಂಡು ಬರುವಾಗ ಮೇಷ್ಟ್ರು ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದರು. ಟ್ರೇಯ ಮೂಲೆ ಮುರಿದಿತ್ತು!

"ರವೆ ಸ್ವಲ್ಪ ಕರಕರ ಅನ್ನುತ್ತೆ. ಆದರೆ ಸಕ್ಕರೆ ಸರಿಯಾಗಿದೆ," ಎಂದರು ಮೇಷ್ಟ್ರು. "ಇವತ್ತು ಹದ ಬಂದಿದೆ ಕಣಯ್ಯಾ."

ಹದದಪ್ಪನವರ ಜೀವ ಬಾಯಿಗೆ ಬಂತು. ಅದು ಮಣ್ಣು ಎಂದು ಹೇಳಲು ಬಾಯಿ ತೆರೆದರು. ಆದರೆ ಮೇಷ್ಟ್ರಿಂದ ಹೊಗಳಿಕೆ ಕೇಳಿದ್ದು ಹುಟ್ಟಿದ ಮೇಲೆ ಇದೇ ಮೊದಲು, ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅದಿನ್ನೂ ಪ್ರಯೋಗದಲ್ಲಿದೆ, ಮಾರುವುದಿಲ್ಲ ಎಂದು ತೊದಲಿ, ಟ್ರೇ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಗಲ್ಲಾದಲ್ಲಿದ್ದ ಶ್ರೀಮತಿಯವರು ಗಾಜು ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಮೇಷ್ಟ್ರಿಗೇನೂ ಆಗಲಿಲ್ಲ. ಮರುದಿನ ಲವಲವಿಕೆಯಿಂದ ಬಂದು ಆ ಕೇಕನ್ನೇ ಕೇಳಿದರು. ಅದರ ಮರುದಿನವೂ ಕೇಳಿದರು.

ಮೇಲೆ ಬಳ್ಳಿಯ ಪಾಡು ಬೇರೆಯೇ ಇತ್ತು. ಹಳೆಯ ಮಣ್ಣು ತೆಗೆದು, ಬೆಂದದ್ದನ್ನು ಮತ್ತೆ ನುಣ್ಣಗೆ ಪುಡಿ ಮಾಡಿ ಕುಂಡಕ್ಕೆ ಗಾಳಿ ಹೋಗದಂತೆ ಅದುಮಿ ಅದುಮಿ ತುಂಬಿದ್ದರು. ನೀರು ಹಾಕಿದರೆ ಮೇಲೆಯೇ ಕೆರೆಯಾಗಿ ನಿಂತಿತು. ಎಲೆಗಳು ಒಂದೊಂದಾಗಿ ಹಳದಿಯಾದವು. ಹೊಸ ಮಣ್ಣು, ಒಗ್ಗಿಕೊಳ್ಳಲು ಸಮಯ ಬೇಕು ಎಂದು ಹದದಪ್ಪನವರು ಧೈರ್ಯ ಹೇಳಿದರೂ, ಒಳಗೊಳಗೆ ಅತ್ತೆಯ ಮುಖ ನೆನೆದು ನಡುಗುತ್ತಿದ್ದರು. ಶ್ರೀಮತಿಯವರು ಮಾತ್ರ ಉದುರಿದ ಎಲೆಗಳನ್ನು ಆರಿಸಿಕೊಂಡು ಗಲ್ಲಾಕ್ಕೆ ಇಳಿದುಹೋದರು.

ಒಂದು ಬೆಳಗ್ಗೆ ನೋಡಿದರೆ ಬಳ್ಳಿಯ ತುದಿಯಲ್ಲಿ ಎಳೆ ಚಿಗುರು! ನೊಣವೂ ಮಾಯ! ಹದದಪ್ಪನವರು ಮತ್ತೆ ಉಬ್ಬಿದರು. ಬನ್ ಕೊಳ್ಳಲು ಬಂದವರಿಗೆಲ್ಲ, ಮೇಷ್ಟ್ರೊಬ್ಬರನ್ನು ಬಿಟ್ಟು, ಜರಡಿಯ ಮಹಿಮೆ ಮತ್ತು ಓವನ್ನಿನ ಮಹಾತ್ಮೆಯ ಉಪನ್ಯಾಸ ನಡೆಯಿತು.

ಅತ್ತೆ ಬಂದರು. ಕೈಚೀಲ ಕೆಳಗಿಡದೆ ನೇರ ಕಿಟಕಿಗೆ ನಡೆದರು. ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿ, ಯಾವ ಮಣ್ಣು ಹಾಕಿದಿರಿ ಎಂದು ಕೇಳಿದ್ದೇ ತಡ, ಅಳಿಯನ ಉಪನ್ಯಾಸ ಶುರುವಾಯಿತು. ಅದು ಮುಗಿಯುವವರೆಗೂ ತಾಳ್ಮೆಯಿಂದ ನಿಂತಿದ್ದ ಅತ್ತೆ ಕುಂಡಕ್ಕೆ ಬೆರಳು ಹಾಕಿ ಒಂದು ಹಿಡಿ ಎತ್ತಿದರು. ಕೈತುಂಬ ನಾರಿನ ತುಣುಕು, ತೊಟ್ಟು, ಕಡ್ಡಿ, ಹರಳು.

"ಅಳಿಯಂದಿರೇ, ಮೂರು ಸಲ ಜರಡಿ ಹಿಡಿದೆ ಅಂದ್ರಿ. ಇಷ್ಟು ದಪ್ಪ ಕಡ್ಡಿ ಯಾವ ತೂತಿನಲ್ಲಿ ಇಳೀತು?"

ಹದದಪ್ಪನವರು ಹೆಂಡತಿಯ ಮುಖ ನೋಡಿದರು.

"ಬೇರಿಗೆ ಉಸಿರಾಡೋಕೆ ಜಾಗ ಬೇಕಲ್ವೇನ್ರೀ," ಎಂದರು ಶ್ರೀಮತಿಯವರು ಮೆಲ್ಲಗೆ. "ನೀವು ಕೆಳಗಿದ್ದಾಗ ಆ ಪುಡಿ ಸುರಿದುಬಿಟ್ಟು, ಬಕೆಟ್ಟಿನಲ್ಲಿದ್ದದ್ದನ್ನ ತುಂಬಿದೆ."

ಅತ್ತೆ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಅಷ್ಟರಲ್ಲಿ ಕೆಳಗಿನಿಂದ ಮೇಷ್ಟ್ರ ದನಿ ಕೇಳಿಸಿತು. ಹದ ಬಂದಿತ್ತಲ್ಲ, ಆ ಕೇಕು ಇವತ್ತಾದರೂ ಉಂಟೇ ಎಂದು ಕೇಳುತ್ತಿದ್ದರು. ಶ್ರೀಮತಿಯವರು ಮೆಟ್ಟಿಲ ಬಳಿ ಹೋಗಿ ಕೆಳಗೆ ಬಗ್ಗಿದರು.

"ಅದನ್ನ ನಿಲ್ಲಿಸಿಬಿಟ್ವಿ ಮೇಷ್ಟ್ರೇ. ಗಿಡಾನೇ ತಿನ್ನಲಿಲ್ಲ."